ಮಂಗಳವಾರದ ಸದ್ದು

ದೊಡ್ಡಕ್ಕನ ಎಡಗೈಗೆ ಇಪ್ಪತ್ತಾರು ವರ್ಷಗಳಿಂದ ಒಂದೇ ಕೆಲಸ. ಬಲಗೈ ಗರ್ಭಿಣಿಯ ಹೊಟ್ಟೆಯ ಮೇಲೆ ಸದ್ದು ಹುಡುಕುವ ಪುಟ್ಟ ಯಂತ್ರವನ್ನು ಆಡಿಸುತ್ತಿರುವಾಗ ಎಡಗೈ ಆಕೆಯ ಮಣಿಕಟ್ಟನ್ನು ಹಿಡಿದಿರಬೇಕು. ಯಂತ್ರಕ್ಕೆ ಸದ್ದು ಗೊತ್ತೇ ಹೊರತು ಅದು ಯಾರದೆಂದು ಗೊತ್ತಿಲ್ಲ. ತಾಯಿಯ ರಕ್ತನಾಳ ಬಡಿದುಕೊಳ್ಳುವುದನ್ನೂ ಅದು ಮಗುವಿನ ಎದೆಬಡಿತದಷ್ಟೇ ನಿಷ್ಠೆಯಿಂದ ಕೇಳಿಸುತ್ತದೆ. ಕಿವಿಯಲ್ಲಿ ಒಂದು ತಾಳ, ಬೆರಳ ತುದಿಯಲ್ಲಿ ಇನ್ನೊಂದು ತಾಳ ಸಿಕ್ಕಿದರೆ ಸರಿ, ಮಂಚದ ಮೇಲೆ ಇಬ್ಬರಿದ್ದಾರೆ ಎಂದು ಲೆಕ್ಕ. ಎರಡೂ ಒಂದೇ ಆದರೆ ಕೇಳಿಸುತ್ತಿರುವುದು ತಾಯಿ ಮಾತ್ರ. ಆಸ್ಪತ್ರೆಗೆ ಹೊಸದಾಗಿ ಸೇರಿದ ನರ್ಸುಗಳಿಗೆ ಅವಳು ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠ ಇದು. "ಕಿವಿ ನಂಬಬೇಡಿ. ಅದಕ್ಕೆ ಏನು ಬೇಕೋ ಅದೇ ಕೇಳಿಸುತ್ತೆ. ಆಕಾಶ ಕಳಚಿ ಬಿದ್ರೂ ಕೈ ಬಿಡಬೇಡಿ."

ಆ ಮಂಗಳವಾರ ಅವಳು ಕೈ ಬಿಟ್ಟಿದ್ದಳು.

ಆ ದಂಪತಿ ಮೂರನೇ ತಿಂಗಳಿಂದಲೂ ಅವಳ ಹತ್ತಿರವೇ ಬರುತ್ತಿದ್ದವರು. ಗಂಡ ಮೆಕ್ಯಾನಿಕ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ತನ್ನ ಕಿವಿಗೆ ಆನಿಸಿ ಒಳಗೆ ಯಾವ ಬೇರಿಂಗ್ ಸವೆದಿದೆ ಎಂದು ಹೇಳುವಂಥವನು. ಹೆಂಡತಿ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬಲಮಗ್ಗುಲಲ್ಲಿ ಮಲಗಬಹುದಾ, ಮಗುವಿಗೆ ಬಿಕ್ಕಳಿಕೆ ಬರುತ್ತಾ, ಮಿಷಿನ್ನಿನ ಬೆಳಕು ಹೊಟ್ಟೆಯೊಳಗೆ ಹೋಗುತ್ತಾ, ಎಲ್ಲವನ್ನೂ ಹಾಳಾದ ಪ್ರತಿಗಳ ಹಿಂಬದಿಯಲ್ಲಿ ಬರೆದುಕೊಂಡು ತರುತ್ತಿದ್ದಳು. ದೊಡ್ಡಕ್ಕ ಅವಳಿಗೆ ಪ್ರಶ್ನೆಪತ್ರಿಕೆ ಎಂದೇ ಹೆಸರಿಟ್ಟಿದ್ದಳು.

"ಬಂತಪ್ಪಾ ಪ್ರಶ್ನೆಪತ್ರಿಕೆ. ಇವತ್ತು ಎಷ್ಟಂಕದ್ದು?"

"ಹನ್ನೊಂದೇ ಪ್ರಶ್ನೆ ಅಕ್ಕ. ಎಲ್ಲಾ ಕಡ್ಡಾಯ."

ಏಳನೇ ತಿಂಗಳ ತಪಾಸಣೆಗೆ ಗಂಡನೂ ಬಂದಿದ್ದ. ಮಗುವಿನ ಎದೆಬಡಿತ ಮೊದಲ ಸಲ ಕೇಳಿದಾಗ ಅವನ ಮುಖ ನೋಡಬೇಕಿತ್ತು. ಫೋನನ್ನು ಯಂತ್ರಕ್ಕೆ ತಾಗಿಸಿ ಹಿಡಿದು, ಉಸಿರು ಬಿಗಿಹಿಡಿದು ರೆಕಾರ್ಡ್ ಮಾಡಿಕೊಂಡ.

"ಎಷ್ಟಿದೆ ಅಕ್ಕ?"

"ನೂರ ನಲವತ್ನಾಲ್ಕು."

"ಗಾಡಿ ಕಂಡೀಶನ್ನಲ್ಲಿದೆ," ಎಂದ. ಹೆಂಡತಿ ಮಲಗಿದಲ್ಲೇ ಅವನ ತೋಳಿಗೆ ಗುದ್ದಿದಳು.

ಒಂದೂವರೆ ತಿಂಗಳ ನಂತರದ ಆ ಮಂಗಳವಾರ ಆ ಹುಡುಗಿಯ ಸರದಿ ಇರಲಿಲ್ಲ. ಕೈಯಲ್ಲಿ ಪ್ರಶ್ನೆಗಳ ಚೀಟಿಯೂ ಇರಲಿಲ್ಲ. ಲಿಫ್ಟ್ ಕೆಟ್ಟು ಎಷ್ಟೋ ಕಾಲವಾಗಿತ್ತು. ಮೂರು ಮಹಡಿ ಹತ್ತಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬೆಂಚುಗಳ ಮೇಲೆ ನಲವತ್ತು ಹೆಂಗಸರು, ಗೋಡೆಗೊರಗಿ ಇನ್ನಷ್ಟು ಜನ.

"ಭಾನುವಾರ ಸಂಜೆಯಿಂದ ಒದೆಯೋದು ಕಮ್ಮಿ ಆಗಿದೆ ಅಕ್ಕ," ಎಂದಳು. ಒಂದೇ ವಾಕ್ಯ. ಅದು ಪ್ರಶ್ನೆಯಾಗಿರಲಿಲ್ಲ.

ದೊಡ್ಡಕ್ಕ ಅವಳನ್ನು ಎಲ್ಲರಿಗಿಂತ ಮೊದಲು ಒಳಗೆ ಕರೆದುಕೊಂಡಳು. ಮೈ ಮುಟ್ಟಿದರೆ ಸ್ವಲ್ಪ ಬೆಚ್ಚಗಿತ್ತು. ಹತ್ತಿದ ಆಯಾಸ ಇರಬೇಕು ಅಂದುಕೊಂಡಳು. ಅಷ್ಟರಲ್ಲಿ ಗಂಡ ಗ್ಯಾರೇಜಿನಿಂದ ಓಡಿಬಂದ. ಮೊಣಕೈವರೆಗೂ ಕಪ್ಪು ಎಣ್ಣೆ.

"ಆ ಕೈ ತಗೊಂಡು ಇಲ್ಲಿ ಏನೂ ಮುಟ್ಟಬೇಡಪ್ಪ, ನಿನ್ನ ಪುಣ್ಯ. ಬೆಡ್‌ಶೀಟ್ ಒಗೆಯೋರು ನನ್ನ ಒಗೀತಾರೆ. ಫೋನ್ ಕೊಡು ಇಲ್ಲಿ. ನಾನೇ ಹಿಡ್ಕೋತೀನಿ."

ಫೋನು ಎಡಗೈಗೆ ಬಂತು.

ಯಂತ್ರ ಕೆಲಹೊತ್ತು ಬರೀ ಗಾಳಿಯ ಸದ್ದನ್ನು ಕೇಳಿಸಿತು. ಆಮೇಲೆ ಹೊಕ್ಕುಳಿನ ಕೆಳಗೆ, ಎಡಕ್ಕೆ, ಸಿಕ್ಕಿತು. ವೇಗವಾಗಿ, ಒಂದೇ ಸಮನೆ. ನೂರ ಇಪ್ಪತ್ತಾರು. ಮಗುವಿನದು ಎನ್ನಲು ಏನೂ ತೊಂದರೆಯಿಲ್ಲದ ಸಂಖ್ಯೆ.

"ಓ, ಇಲ್ಲಿ ಅವಿತುಕೊಂಡಿದೆ ನೋಡು. ಏನೂ ಆಗಿಲ್ಲ ಕಣಮ್ಮ. ಒಳಗೆ ಜಾಗ ಸಾಲ್ತಿಲ್ಲ, ಅದಕ್ಕೆ ಕೈಕಾಲು ಆಡಿಸೋದು ಕಮ್ಮಿ. ಹೋಗು, ಹೊಟ್ಟೆತುಂಬ ತಿಂದು ಮಲ್ಕೋ."

ಅವಳು ಕಣ್ಣು ಮುಚ್ಚಿ ನಕ್ಕಳು. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಒದೆತ ಕಡಿಮೆಯೆಂದು ಬಂದವರನ್ನು ಡಾಕ್ಟರಿಗೆ ತೋರಿಸಿ, ಹೊಟ್ಟೆಗೆ ಎದೆಬಡಿತ ಅಳೆಯುವ ಬೆಲ್ಟು ಕಟ್ಟಿ ಅರ್ಧ ಗಂಟೆ ನೋಡಬೇಕೆಂಬ ನಿಯಮ ಗೋಡೆಯ ಮೇಲೇ ಅಂಟಿಸಿತ್ತು. ಸದ್ದು ಸಿಕ್ಕಮೇಲೆ ಬೆಲ್ಟ್ ಯಾಕೆ ಎಂದು ದೊಡ್ಡಕ್ಕ ಕಾರ್ಡಿನಲ್ಲಿ ನೂರ ಇಪ್ಪತ್ತಾರು ಎಂದು ಬರೆದು ಸಹಿ ಹಾಕಿದಳು.

ಬುಧವಾರ ಆ ಹುಡುಗಿ ಹಗುರ ಮನಸ್ಸಿನಿಂದ ಎದ್ದಿದ್ದಳು. ಅಟ್ಟದ ಮೇಲೆ ಚಿಕ್ಕ ಬಟ್ಟೆಗಳ ಪೆಟ್ಟಿಗೆ ಇತ್ತು. ಅದನ್ನು ಇಳಿಸಲು ಸ್ಟೂಲು ಹತ್ತಿದಳು. ಸ್ಟೂಲು ವಾಲಿತು. ಬಿದ್ದದ್ದು ಕೂತ ಹಾಗೆ, ರಕ್ತವಿಲ್ಲ, ನೋವೂ ಹೆಚ್ಚಿಲ್ಲ. ಗುರುವಾರವಿಡೀ ಹೊಟ್ಟೆ ಸುಮ್ಮನಿತ್ತು. ಶುಕ್ರವಾರ ಸ್ಕ್ಯಾನಿನಲ್ಲಿ ಮಗುವಿನ ಎದೆಬಡಿತ ನಿಂತಿತ್ತು. ಶನಿವಾರ ಔಷಧ ಕೊಟ್ಟು ಹೆರಿಗೆ ಮಾಡಿಸಿದರು. ಹೆಣ್ಣು.

ಹೆರಿಗೆ ಮಾಡಿಸಿದ ಡಾಕ್ಟರಮ್ಮ ಕೈಗವಸು ಕಳಚುತ್ತಾ ಮಗುವಿನ ಚರ್ಮ ನೋಡಿದರು. ಅಲ್ಲಲ್ಲಿ ಸುಲಿದಿತ್ತು.

"ಮಗು ಹೋಗಿ ಮೂರೇ ದಿನ ಅನ್ಸಲ್ಲ ದೊಡ್ಡಕ್ಕ. ಐದಾರು ದಿನ ಆಗಿರಬೇಕು," ಎಂದರು. ಆಮೇಲೆ ಕಾರ್ಡು ತಿರುಗಿಸಿದರು. "ಮಂಗಳವಾರ ನೂರ ಇಪ್ಪತ್ತಾರು ಇತ್ತಲ್ಲ. ನಿಮ್ಮದೇ ಸಹಿ. ಹಾಗಾದ್ರೆ ಬುಧವಾರ ಬಿದ್ದಾಗಲೇ ಆಗಿದೆ. ಚರ್ಮ ಒಂದೊಂದ್ಸಲ ಮೋಸ ಮಾಡುತ್ತೆ."

ಇಪ್ಪತ್ತಾರು ವರ್ಷದ ಸಹಿಯ ಮುಂದೆ ಚರ್ಮವೇ ಸುಳ್ಳಾಗಿ ನಿಂತಿತು. ಬಿದ್ದದ್ದರಿಂದ ಎಂದು ಡಾಕ್ಟರಮ್ಮ ಬರೆದರು. ದೊಡ್ಡಕ್ಕನ ಎದೆಯಲ್ಲಿ ಏನೋ ಒಂದು ಕಡ್ಡಿಯ ಹಾಗೆ ಅಡ್ಡ ಸಿಕ್ಕಿಕೊಂಡಿತು. ಅದು ಏನೆಂದು ಹುಡುಕಲು ಹೋಗಲಿಲ್ಲ. ಎಷ್ಟೋ ಸಂಗತಿಗಳನ್ನು ಮನುಷ್ಯ ಗೊತ್ತಿಲ್ಲದೆ ಬಿಡುವುದಿಲ್ಲ, ಗೊತ್ತಾಗದಿರಲಿ ಎಂದು ಬಿಡುತ್ತಾನೆ.

ಹೆರಿಗೆಯಾದ ಹನ್ನೊಂದನೇ ದಿನ ಬಾಣಂತಿಯ ಮನೆಗೆ ಹೋಗಿ ನೋಡುವುದು ಅವಳ ಕೆಲಸ. ಮಗು ಇದ್ದರೂ ಹೋಗಬೇಕು, ಇಲ್ಲದಿದ್ದರೂ ಹೋಗಬೇಕು. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಮೆಟ್ಟಿಲು ತಿರುಗುವಲ್ಲಿ, ಬಾಗಿಲ ಹೊರಗೆ, ಒಂದು ಸ್ಟೂಲು ಇಟ್ಟಿತ್ತು. ಮುರಿದಿರಲಿಲ್ಲ. ಮನೆಯೊಳಗೆ ಬರಬಾರದವರನ್ನು ನಿಲ್ಲಿಸಿದ ಹಾಗೆ ನಿಲ್ಲಿಸಿದ್ದರು.

ಬಾಗಿಲು ತೆಗೆದದ್ದು ಅತ್ತೆ.

"ಬನ್ನಿ ಸಿಸ್ಟರ್. ಒಳಗಿದಾಳೆ ಮಹಾರಾಣಿ." ಅಡುಗೆಮನೆಯ ಕಡೆಗೆ ತಿರುಗಿ, ಆದರೆ ಒಳಕೋಣೆಗೆ ಕೇಳಿಸುವಷ್ಟು ಗಟ್ಟಿಯಾಗಿ ಮುಂದುವರಿಸಿದರು. "ನಾನು ಮನೇಲೇ ಇದ್ದೆ. ಅತ್ತೆ, ಪೆಟ್ಟಿಗೆ ಇಳಿಸಿಕೊಡಿ ಅಂದಿದ್ರೆ ನನ್ನ ಕೈ ಸವೀತಿತ್ತಾ? ಎಂಟು ತಿಂಗಳು ತುಂಬಿದ ಹೊಟ್ಟೆ ಹೊತ್ಕೊಂಡು ಯಾರಾದ್ರೂ ಸ್ಟೂಲ್ ಹತ್ತುತಾರಾ? ನೀವೇ ಹೇಳಿ."

ಗಂಡ ಕಿಟಕಿಯ ಬಳಿ ಕೂತಿದ್ದ. "ಸಾಕು ಬಿಡಮ್ಮ," ಎಂದ. ಆದರೆ ಅಲ್ಲ ಎನ್ನಲಿಲ್ಲ.

ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ದೊಡ್ಡಕ್ಕ ಬಿ.ಪಿ. ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ಹೊಲಿಗೆ ನೋಡಿದಳು. ಎದೆಹಾಲು ಕಟ್ಟಿಕೊಂಡು ಕಲ್ಲಾಗಿತ್ತು. ಕುಡಿಯುವವರಿಲ್ಲವೆಂಬುದು ಎದೆಗೆ ಇನ್ನೂ ತಿಳಿದಿರಲಿಲ್ಲ. ತಣ್ಣೀರು ಬಟ್ಟೆ ಇಡಬೇಕು, ಹಿಂಡಬಾರದು ಎಂದು ಹೇಳಿಕೊಟ್ಟಳು. ಹುಡುಗಿ ತಲೆಯಾಡಿಸಿದಳು.

"ಏನಾದ್ರೂ ಕೇಳೋದಿದೆಯಾ ಪುಟ್ಟಿ?"

ಇಲ್ಲ ಎಂದು ತಲೆ ಅಲುಗಿತು. ಪ್ರಶ್ನೆಪತ್ರಿಕೆ ಖಾಲಿಯಾಗಿತ್ತು.

ಹೊರಗೆ ಬಂದಾಗ ಗಂಡ ಫೋನು ಹಿಡಿದು ನಿಂತಿದ್ದ. "ಅಕ್ಕ, ನಿಮಗೊಂದು ಕೇಳಿಸಬೇಕು. ಅವತ್ತು ನೀವು ಫೋನ್ ಹಿಡ್ಕೊಂಡು ರೆಕಾರ್ಡ್ ಮಾಡಿದ್ದು."

"ಈಗ ಬೇಡಪ್ಪ."

"ಒಂದೇ ನಿಮಿಷ. ನಾನು ದಿನಾ ಕೇಳ್ತೀನಿ. ಇದರಲ್ಲಿ ಒಂದು ವಿಚಿತ್ರ ಇದೆ. ನಿಮಗೆ ಗೊತ್ತಾಗುತ್ತಾ ನೋಡಿ."

ಸದ್ದು ಶುರುವಾಯಿತು. ವೇಗವಾಗಿ, ಒಂದೇ ಸಮನೆ. ನಂತರ ಅದರ ಮೇಲೆ ಅವಳದೇ ದನಿ: ಓ, ಇಲ್ಲಿ ಅವಿತುಕೊಂಡಿದೆ ನೋಡು. ಏನೂ ಆಗಿಲ್ಲ ಕಣಮ್ಮ. ಗಂಡ ಬೆರಳೆತ್ತಿದ. "ಈಗ ಕೇಳಿ."

ಬಡಿತ ನಿಧಾನವಾಗುತ್ತಿತ್ತು. ಬೆಟ್ಟ ಹತ್ತಿದವರು ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುವ ಹಾಗೆ, ಮೆಲ್ಲಗೆ, ಒಂದೊಂದೇ ಮೆಟ್ಟಿಲು ಇಳಿದು ಸಾವಧಾನಕ್ಕೆ ಬರುತ್ತಿತ್ತು.

"ನೀವು ಏನೂ ಆಗಿಲ್ಲ ಅಂದಮೇಲೆ ನಿಧಾನ ಆಗುತ್ತೆ. ಕೇಳಿಸ್ತಾ? ಮಗು ನಿಮ್ಮ ಮಾತು ಕೇಳಿಸಿಕೊಂಡಿದೆ ಅಕ್ಕ. ಅದಕ್ಕೂ ಧೈರ್ಯ ಬಂದಿದೆ." ಅವನು ಒಳಕೋಣೆಯ ಕಡೆ ನೋಡಿದ. "ನಾನು ಇವಳಿಗೂ ಹೇಳಿದೆ. ಇವಳು ಕೇಳೋಕೇ ಒಪ್ಪಲ್ಲ. ಅಷ್ಟು ಗಟ್ಟಿಯಾಗಿದ್ದ ಮಗೂನ ಮಾರನೇ ದಿನ ತಾನೇ ಕೊಂದೆ ಅಂತಾಳೆ."

ಎದೆಯಲ್ಲಿ ಅಡ್ಡ ಸಿಕ್ಕಿದ್ದ ಕಡ್ಡಿ ಏನೆಂದು ದೊಡ್ಡಕ್ಕನಿಗೆ ಆಗ ತಿಳಿಯಿತು. ಹೊಟ್ಟೆಯೊಳಗಿನ ಮಗು ನರ್ಸಿನ ಸಮಾಧಾನದ ಮಾತಿಗೆ ಸುಧಾರಿಸಿಕೊಳ್ಳುವುದಿಲ್ಲ. ಆ ಮಾತು ಕೇಳಿ ಸುಧಾರಿಸಿಕೊಳ್ಳುವ ಎದೆ ಆ ಕೋಣೆಯ ಮಂಚದ ಮೇಲೆ ಒಂದೇ ಒಂದು ಇತ್ತು. ಮೂರು ಮಹಡಿ ಹತ್ತಿ ಬಂದದ್ದು, ಮೈ ಬೆಚ್ಚಗಿದ್ದದ್ದು, ಭಯದಿಂದ ಓಡುತ್ತಿದ್ದದ್ದು.

ಅಂದರೆ ಮಂಗಳವಾರ ಒಳಗೆ ಯಾರೂ ಇರಲಿಲ್ಲ. ಸ್ಟೂಲು ವಾಲುವ ಮೊದಲೇ, ಬಹುಶಃ ಭಾನುವಾರವೇ, ಎಲ್ಲ ಮುಗಿದಿತ್ತು.

ಅವಳು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು. ರಸ್ತೆಯಲ್ಲಿ ನಿಂತು ಭೇಟಿಯ ಪುಸ್ತಕದಲ್ಲಿ "ಬಾಣಂತಿ ಕ್ಷೇಮ" ಎಂದು ಬರೆದಳು. ಕೈ ತಾನಾಗಿಯೇ ಬರೆಯಿತು.

ಮಾರನೇ ದಿನ ಡಾಕ್ಟರಮ್ಮನ ಕೋಣೆಯಲ್ಲಿ ನಿಂತು ಎಲ್ಲ ಹೇಳಿದಳು. ಡಾಕ್ಟರಮ್ಮ ತುಂಬ ಹೊತ್ತು ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡಿದರು.

"ಗಂಡ ಹೆಂಡತಿಗೆ ಉಳಿದಿರೋದು ಅದೊಂದು ಸದ್ದು. ಅದನ್ನೂ ಕಿತ್ಕೋತೀರಾ?"

"ಅವಳು ತಾನು ಕೊಂದೆ ಅಂತಿದ್ದಾಳೆ ಮೇಡಂ."

"ಕಾಲ ಕಳೆದ ಹಾಗೆ ಸರಿಹೋಗುತ್ತೆ. ಬರೆದುಕೊಟ್ರೆ ವಿಚಾರಣೆ ಬರುತ್ತೆ, ಗೊತ್ತಲ್ಲ? ನಿಮ್ಮ ಹೆಸರು ಕೇಳಿಕೊಂಡೇ ಜನ ಇಲ್ಲಿಗೆ ಬರೋದು. ಮಗು ಮೊದಲೇ ಹೋಗಿತ್ತು, ನಿಮ್ಮಿಂದ ಹೋಗಿಲ್ಲ. ಸತ್ತಿರೋದಕ್ಕೆ ಯಾವ ದಿನ ಆದ್ರೇನು?"

ಸತ್ತ ಮಗುವಿಗೆ ಯಾವ ದಿನವಾದರೂ ಒಂದೇ, ನಿಜ. ದೊಡ್ಡಕ್ಕ ಆ ಮಾತನ್ನು ಮೂರು ದಿನ ಬಾಯಲ್ಲಿಟ್ಟುಕೊಂಡು ತಿರುಗಾಡಿದಳು. ಅದು ಅವಳಿಗೆ ಬೇಕಾದ ಮಾತಾಗಿತ್ತು. ಬೇಕಾದದ್ದೇ ಕೇಳಿಸುತ್ತದೆ ಎಂದು ಎಷ್ಟೋ ಹುಡುಗಿಯರಿಗೆ ಪಾಠ ಹೇಳಿದವಳು ತಾನೇ. ಮೂರನೇ ದಿನ ಒಬ್ಬ ಗರ್ಭಿಣಿಯ ಮಣಿಕಟ್ಟು ಹಿಡಿದಿದ್ದಾಗ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಆಕೆ "ಅಕ್ಕ, ಕೈ ಮುರೀತೀರಾ?" ಎಂದು ಕೇಳಿದಳು. ದೊಡ್ಡಕ್ಕ ಕೈ ಸಡಿಲಿಸಿ, ಉಳಿದವರನ್ನು ಮುಗಿಸಿ, ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಟೈರ್ ಅಂಗಡಿಯ ದಾರಿ ಹಿಡಿದಳು.

ಮಧ್ಯಾಹ್ನ ಮೂರು ಗಂಟೆ. ಗಂಡ ಮನೆಯಲ್ಲೇ ಇದ್ದ. ಹೆಂಡತಿ ಎರಡು ದಿನದಿಂದ ಊಟ ಬಿಟ್ಟಿದ್ದಾಳೆ, ಅದಕ್ಕೆ ಗ್ಯಾರೇಜಿಗೆ ಹೋಗಿಲ್ಲ ಎಂದ. ಅತ್ತೆ ಸ್ನಾನಕ್ಕೆ ಹೋಗಿದ್ದರು. ದೊಡ್ಡಕ್ಕ ಒಳಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕೂತು, ಸುತ್ತಿ ಬಳಸದೆ ಹೇಳಿದಳು.

"ಮಂಗಳವಾರ ನಾನು ಕೇಳಿಸಿದ್ದು ಮಗುವಿನದಲ್ಲ. ನಿನ್ನದು. ನಿನ್ನ ಕೈ ಹಿಡ್ಕೋಬೇಕಿತ್ತು, ಹಿಡ್ಕೊಳ್ಳಲಿಲ್ಲ. ಮಗು ಅವತ್ತಿಗೆ ಆಗಲೇ ಹೋಗಿತ್ತು. ಸ್ಟೂಲಿಗೂ ಅದಕ್ಕೂ ಸಂಬಂಧ ಇಲ್ಲ. ತಪ್ಪು ನಂದು."

ಗಂಡ ಬಾಗಿಲಿಗೆ ಬಂದು ನಿಂತಿದ್ದ. ಹುಡುಗಿ ಗೋಡೆಯ ಕಡೆಯಿಂದ ನಿಧಾನವಾಗಿ ತಿರುಗಿದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಸಮಾಧಾನಕ್ಕೆ ಹೇಳ್ತಿದ್ದೀರಿ."

"ಇಲ್ಲ ಪುಟ್ಟಿ."

"ಅವತ್ತೂ ಸಮಾಧಾನಕ್ಕೇ ಹೇಳಿದ್ರಿ. ಏನೂ ಆಗಿಲ್ಲ ಅಂತ. ಇವತ್ತಿನದನ್ನ ನಾನು ಹೇಗೆ ನಂಬಲಿ?"

ಎಷ್ಟೋ ದಿನಗಳ ನಂತರ ಅವಳು ಕೇಳಿದ ಮೊದಲ ಪ್ರಶ್ನೆ. ತನ್ನ ಮಾತಿನ ಬೆಲೆಯನ್ನು ದೊಡ್ಡಕ್ಕ ಆ ಮಂಗಳವಾರವೇ ಕಳೆದುಕೊಂಡಿದ್ದಳು. ಚೀಲ ತೊಡೆಯ ಮೇಲಿತ್ತು. ಯಂತ್ರ ತಂದದ್ದು ಯಾಕೆಂದು ಬರುವ ದಾರಿಯಲ್ಲಿ ತನಗೆ ತಾನೇ ಹೇಳಿಕೊಂಡಿರಲಿಲ್ಲ. ಈಗ ಹೇಳಿಕೊಳ್ಳಬೇಕಾಯಿತು.

"ತೋರಿಸಬಹುದು," ಎಂದಳು. "ಆದ್ರೆ ಅದು ಕೇಳೋದಕ್ಕೆ ಕಷ್ಟ."

"ತೋರಿಸಿ."

"ಬೇಡ ಕಣೇ," ಎಂದ ಗಂಡ.

"ನೀವು ಸುಮ್ನಿರಿ. ಅಕ್ಕ, ತೋರಿಸಿ."

ಹುಡುಗಿ ತಾನೇ ಬಟ್ಟೆ ಸರಿಸಿದಳು. ಹೊಟ್ಟೆ ಗಾಳಿ ಬಿಟ್ಟ ಟ್ಯೂಬಿನ ಹಾಗೆ ಸಡಿಲವಾಗಿ ಒಂದು ಪಕ್ಕಕ್ಕೆ ಜಾರಿತ್ತು. ಜೆಲ್ ಹಚ್ಚಿದಾಗ ತಣ್ಣಗಾಗಿ ಅವಳು ಬೆಚ್ಚಿದಳು. ಮೊದಲೂ ಹಾಗೆಯೇ ಬೆಚ್ಚುತ್ತಿದ್ದಳು. ದೊಡ್ಡಕ್ಕ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದು, ಬಲಗೈಯಿಂದ ಯಂತ್ರವನ್ನು ಹೊಕ್ಕುಳಿನ ಕೆಳಗೆ, ಎಡಕ್ಕೆ, ಒತ್ತಿದಳು.

ಗಾಳಿಯ ಸದ್ದು. ಆಮೇಲೆ ಸಿಕ್ಕಿತು.

ಅದೇ ಸದ್ದು. ಅದೇ ಎಳೆದು ಬಿಡುವ ತಾಳ. ಮೊದಲು ತೊಂಬತ್ತು ಇತ್ತು. ಹುಡುಗಿಗೆ ಅದರ ಗುರುತು ಹತ್ತಿದ ಕೂಡಲೇ ಓಡತೊಡಗಿತು. ನೂರ ಹತ್ತು, ನೂರ ಇಪ್ಪತ್ತು. ಖಾಲಿ ಹೊಟ್ಟೆಯೊಳಗಿಂದ ಮಂಗಳವಾರದ ಸದ್ದು ಇಡೀ ಕೋಣೆ ತುಂಬಿತು. ದೊಡ್ಡಕ್ಕ ಹುಡುಗಿಯ ಇನ್ನೊಂದು ಕೈಯ ಬೆರಳುಗಳನ್ನು ತಂದು ಅವಳದೇ ಮಣಿಕಟ್ಟಿನ ಮೇಲೆ ಇರಿಸಿದಳು. ಹುಡುಗಿ ಎಣಿಸುವವಳಂತೆ ತುಟಿ ಅಲ್ಲಾಡಿಸಿದಳು. ಕಿವಿಯದೂ ಬೆರಳಿನದೂ ಒಂದೇ.

ಗಂಡ ಬಾಗಿಲಿಂದ ಹೊರಗೆ ಹೋದ.

ಬಚ್ಚಲಿನಿಂದ ಅತ್ತೆ ಒದ್ದೆ ಕೂದಲಲ್ಲೇ ಓಡಿಬಂದು ಬಾಗಿಲಲ್ಲಿ ನಿಂತರು. ಆ ಸದ್ದು ಅವರಿಗೂ ಗೊತ್ತಿತ್ತು. ಮಗ ದಿನಾ ಹಾಕುತ್ತಿದ್ದ. ಅವರ ಕಣ್ಣು ಸೊಸೆಯ ಹೊಟ್ಟೆಯ ಮೇಲೆ, ಯಂತ್ರದ ಮೇಲೆ ನೆಟ್ಟಿತು. ಒಂದು ಕ್ಷಣ ಆ ಮುಖದಲ್ಲಿ ಎಂಥದೋ ಒಂದು ಆಸೆ ಹಾದುಹೋಯಿತು. ನೋಡಲಾಗದಂಥದ್ದು.

"ಮಗುದಾ?" ಎಂದರು.

"ಅಲ್ಲ ಅತ್ತೆ," ಎಂದಳು ಹುಡುಗಿ. "ನಂದು. ಅವತ್ತೂ ನಂದೇ."

ಅತ್ತೆ ಗೋಡೆ ಹಿಡಿದು ಕೆಳಗೆ ಕೂತರು. ಅವರಿಗೆ ಅರ್ಥವಾಗಲು ಸಮಯ ಹಿಡಿಯಿತು. ಅರ್ಥವಾದಮೇಲೂ ಸೊಸೆಯ ಹತ್ತಿರ ಹೋಗಲಿಲ್ಲ. ಕೂದಲಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹುಡುಗಿ ಅಳಲು ಶುರುಮಾಡಿದಳು, ಮೊದಲ ಸಲ, ಸದ್ದಿಲ್ಲದೆ. ಯಂತ್ರವನ್ನು ದೊಡ್ಡಕ್ಕ ಯಾವಾಗಲೋ ಆರಿಸಿದ್ದಳು. ಜೆಲ್ ಒರೆಸಿದಳು, ಬಟ್ಟೆ ಸರಿಮಾಡಿದಳು. ಕ್ಷಮಿಸು ಎಂಬ ಮಾತು ಗಂಟಲವರೆಗೆ ಬಂತು. ಕೇಳಿದರೆ ಅದಕ್ಕೂ ಆ ಹುಡುಗಿಯೇ ಏನಾದರೂ ಕೊಡಬೇಕಾಗುತ್ತದೆ ಎನಿಸಿ ನುಂಗಿಕೊಂಡಳು.

"ನಾಳೆ ಕಾರ್ಡು ತಿದ್ದಿ ಬರೆದುಕೊಡ್ತೀನಿ," ಎಂದಳು. "ಬಿದ್ದಿದ್ದರಿಂದ ಅನ್ನೋದನ್ನ ತೆಗೆಸ್ತೀನಿ. ನಿಮ್ಮನ್ನ ಕರೆದು ಕೇಳಬಹುದು. ಇದ್ದದ್ದು ಇದ್ದ ಹಾಗೆ ಹೇಳಿ."

ಚೀಲ ಎತ್ತಿಕೊಂಡು ಹೊರಗೆ ಬಂದಳು.

ಮೆಟ್ಟಿಲಿನ ತಿರುವಿನಲ್ಲಿ ಗಂಡ ಆ ಸ್ಟೂಲಿನ ಮೇಲೆ ಕೂತಿದ್ದ. ಕೈಯಲ್ಲಿ ಫೋನು. ಅವಳು ಇಳಿದು ಹೋಗುವಷ್ಟು ಜಾಗ ಬಿಟ್ಟು ಕಾಲು ಮಡಚಿಕೊಂಡ. ಅವಳು ನಿಂತಳು.

"ಏಳನೇ ತಿಂಗಳದ್ದು ಮಗುವಿಂದೇನಾ?"

"ಹೌದಪ್ಪ. ಅವತ್ತು ಕೈ ಹಿಡಿದಿದ್ದೆ."

ಅವನು ತಲೆಯಾಡಿಸಿದ. ಕೆಳಗೆ ಅಂಗಡಿಯವನು ಟೈರಿಗೆ ಗಾಳಿ ತುಂಬುತ್ತಿದ್ದ.

"ನಾನು ಇಂಜಿನ್ ಸದ್ದು ಕೇಳಿ ಬದುಕೋನು ಅಕ್ಕ. ಆ ಎರಡು ಸದ್ದೂ ಬೇರೆ ಬೇರೆ ಅಂತ ನನಗೆ ಅನ್ನಿಸಿತ್ತು. ಮೊದಲನೇ ದಿನವೇ." ಅವನು ಫೋನನ್ನು ತಿರುಗಿಸಿ ಇಟ್ಟುಕೊಂಡ. "ಮಂಗಳವಾರ ನೀವು ಕೈ ಹಿಡಿದಿದ್ರೆ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು. ಆದ್ರೆ ಮಗು..."

"ಅದು ಇರ್ತಿರಲಿಲ್ಲ. ಅರ್ಥ ಆಯ್ತು. ನಾನು ಕೇಳಿದ್ದು ಅದಲ್ಲ." ಅವನ ದನಿ ತಗ್ಗಿನಲ್ಲೇ ಇತ್ತು. "ಮಂಗಳವಾರ, ಬುಧವಾರ, ಗುರುವಾರ. ಮೂರು ದಿನ ಮಲಗೋ ಮುಂಚೆ ಅದರ ಹತ್ತಿರ ಮಾತಾಡಿದೀವಿ. ನೀವು ಚೆನ್ನಾಗಿದೆ ಅಂದಿದ್ರಿ ಅಂತ. ಇವಳು ಹೊಟ್ಟೆ ಮೇಲೆ ಕೈ ಇಟ್ಕೊಂಡು, ನಿದ್ದೆ ಮಾಡ್ತಿದೆ ರೀ, ಎಬ್ಬಿಸಬೇಡಿ ಅಂದಳು. ನಾನು ದನಿ ಇಳಿಸಿದೆ."

ದೊಡ್ಡಕ್ಕ ಮೆಟ್ಟಿಲ ಕಂಬಿಯನ್ನು ಹಿಡಿದುಕೊಂಡಳು. ಎಡಗೈಯಲ್ಲಿ ಇನ್ನೂ ಜೆಲ್ ಅಂಟಿತ್ತು.

ಮೇಲೆ, ಮನೆಯೊಳಗಿಂದ, ಅತ್ತೆ ಸೊಸೆಯನ್ನು ಮಹಾರಾಣಿ ಎನ್ನದೆ ಹೆಸರು ಹಿಡಿದು ಕರೆದದ್ದು ಕೇಳಿಸಿತು. ಒಂದು ಸಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಉತ್ತರಕ್ಕಾಗಿ ಮೆಟ್ಟಿಲ ಮೇಲೆ ಇಬ್ಬರೂ ಕಾದರು.